ಶಿವಲಿಂಗಪ್ಪ ಮೇಷ್ಟ್ರ ಚಿನ್ನದ ರೇಕು

ಸೂರ್ಯನು ಸಕಲ ಜೀವಿಗಳ ಕರ್ಮಸಾಕ್ಷಿ ಎಂದು ಹಿರಿಯರು ಹೇಳಿದ್ದಾರೆ. ಮಡಿಕೇರಿಯಲ್ಲಿ ಈ ಸಾಕ್ಷಿ ವರ್ಷದ ಅರ್ಧ ಭಾಗ ಗೈರುಹಾಜರು. ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಆ ದಿನಗಳಲ್ಲಿ, ಮಂಜಿನೊಳಗೂ ಅವನ ಮೇಲೆ ಕಣ್ಣಿಟ್ಟಿದ್ದವರು ನಮ್ಮ ಶಾಲೆಯ ವಿಜ್ಞಾನದ ಶಿವಲಿಂಗಪ್ಪ ಮೇಷ್ಟ್ರು ಒಬ್ಬರೇ.

"ಬಿಸಿಲು ಬೇಡ ಕಣ್ರೀ ಪಂಡಿತರೇ," ಎನ್ನುತ್ತಿದ್ದರು, ಕನ್ನಡ ಪಾಠ ಹೇಳುತ್ತಿದ್ದ ನನಗೆ. "ಅವನು ಸಿಡಿದಾಗ ಉದುರೋ ಕಣ ಮೋಡನೂ ತೂರ್ಕಂಡು ಬರ್ತದೆ, ಹೆಂಚೂ ತೂರ್ಕಂಡು ಬರ್ತದೆ. ನಾವು ನೆಲದ ಮೇಲೆ ಕಾಯ್ತಾ ಇರಬೇಕು, ಅಷ್ಟೇ."

ಕಾಯಲೆಂದು ತಾಮ್ರದ ಹಂಡೆಯೊಂದರ ಬಾಯಿಗೆ ಬೆಸುಗೆ ಹಾಕಿಸಿ, ನೋಡಲು ಗಾಜಿನ ಕಿಂಡಿಯೊಂದನ್ನು ಬಿಟ್ಟು, ಒಳಗೆ ತೆಳ್ಳನೆಯ ಚಿನ್ನದ ರೇಕೊಂದನ್ನು ತೂಗುಬಿಟ್ಟಿದ್ದರು. ವಿದ್ಯುತ್ತು ತುಂಬಿದರೆ ರೇಕು ಸೆಟೆದು ನಿಲ್ಲುವುದು. ಆಕಾಶದಿಂದ ಸದಾ ಉದುರುವ ಕಣಗಳು ಹಾಯ್ದಂತೆ ಮೆಲ್ಲಗೆ ಇಳಿಯುವುದು. ಬೇಗ ಇಳಿದರೆ ಸೂರ್ಯ ಸಿಡಿದನೆಂದು ಅರ್ಥ. ಚಿನ್ನ ಹೆಂಡತಿಯದು. ಆಕೆಯ ಅಭಿಪ್ರಾಯ ಇಲ್ಲಿ ಬರೆಯುವಂಥದ್ದಲ್ಲ.

ಒಮ್ಮೆ ರೇಕು ತಟ್ಟನೆ ಬಿತ್ತು. ಮೇಷ್ಟ್ರು ಅಂದೇ ಬೆಂಗಳೂರಿನ ಪ್ರೊಫೆಸರೊಬ್ಬರಿಗೆ ಬರೆದರು. ಸಂಜೆ ನೆರೆಮನೆಯ ಮಾಚಯ್ಯನವರು ಸಿಹಿ ತಂದರು. ಮೊಮ್ಮಗ ಹುಟ್ಟಿದ್ದನಂತೆ, ವಾಡಿಕೆಯಂತೆ ಅಂಗಳದಲ್ಲಿ ಒಂದು ಗುಂಡು ಹಾರಿಸಿದ್ದರು. ರೇಕು ಅದುರಿ ಬಿದ್ದದ್ದು ಆ ಸದ್ದಿಗೆ.

"ಎಂತ ಮೇಷ್ಟ್ರೇ, ನಮ್ಮ ಕೂಸು ಹುಟ್ಟಿದ್ದು ಸೂರ್ಯನಿಗೂ ಗೊತ್ತಾಯ್ತಾ?" ಎಂದರು ಮಾಚಯ್ಯ.

ಮೇಷ್ಟ್ರು ಸತ್ಯವಂತರು, ಅದನ್ನೂ ಬರೆದು ತಿಳಿಸಿದರು. ಮೊದಲು ನೆರೆಯವರನ್ನು ಗಮನಿಸಿ, ಆಮೇಲೆ ಸೂರ್ಯನನ್ನು ನೋಡಿ ಎಂದು ಪ್ರೊಫೆಸರರ ಉತ್ತರ ಬಂತು. ಇನ್ನೊಮ್ಮೆ ತಪ್ಪಿದರೆ ತಮ್ಮ ಕಾಗದವನ್ನು ಯಾರೂ ಒಡೆದೂ ನೋಡರೆಂಬ ಭಯ ಮೇಷ್ಟ್ರಿಗೆ ಅಂಟಿತು. ಗುಂಡು ಕೇಳಿದ ದಿನ ರೇಕು ಏನು ಹೇಳಿದರೂ ಲೆಕ್ಕಕ್ಕಿಲ್ಲವೆಂದು ನಿಯಮ ಮಾಡಿಕೊಂಡರು. ಹುಟ್ಟಿಗೂ ಸಾವಿಗೂ ಹಬ್ಬಕ್ಕೂ ಗುಂಡು ಹಾರಿಸುವ ಕೊಡಗಿನಲ್ಲಿ ಇಂಥ ನಿಯಮವೆಂದರೆ ಕೆರೆಯಲ್ಲಿ ಕೂತು ಒದ್ದೆಯಾಗೆನು ಎಂದಂತೆ.

ಕಾಫಿ ಒಣಗುವ ತಿಂಗಳು. ಒಂದು ಬೆಳಿಗ್ಗೆ ಅವರೊಡನೆ ಶಾಲೆಗೆ ಹೋಗೋಣವೆಂದು ಮನೆಗೆ ಹೋಗಿದ್ದೆ. ಒಂದರ ಹಿಂದೊಂದು ಎರಡು ಗುಂಡು ಕೇಳಿಸಿತು. ಎರಡೆಂದರೆ ಸಾವು. ನೆರೆಮನೆಯ ಮಾಚಯ್ಯನವರೇ ತೀರಿಹೋಗಿದ್ದರು. ಬಿದ್ದ ರೇಕಿಗೆ ಮೇಷ್ಟ್ರು ಮತ್ತೆ ವಿದ್ಯುತ್ತು ತುಂಬಿ ಕಣ್ಣಿಟ್ಟರು. ಈ ಸಲ ಅದು ತಟ್ಟನೆ ಬೀಳಲಿಲ್ಲ. ಯಾರೋ ಎಳೆದಂತೆ ಒಂದೇ ಸಮನೆ ಇಳಿಯತೊಡಗಿತು, ಎಂದಿಗಿಂತ ಬೇಗ.

"ಗುಂಡು ನಿಂತು ಹೊತ್ತಾಯಿತಲ್ಲ," ಎಂದೆ.

"ಗುಂಡು ಗುಂಡೇ ಪಂಡಿತರೇ. ಇನ್ನೊಂದ್ಸಾರಿ ನಗಿಸ್ಕಳಕ್ಕೆ ನನ್ನ ಕೈಲಾಗಲ್ಲ. ನಡೀರಿ, ಹೆಣ ಮನೇಲಿದೆ."

ಏನನ್ನೂ ಬರೆದುಕೊಳ್ಳದೆ ಎದ್ದರು.

ಕೆಲವು ದಿನಗಳ ಮೇಲೆ ಪತ್ರಿಕೆಯಲ್ಲಿ ಬಂತು: ಅದೇ ಬೆಳಿಗ್ಗೆ, ಅದೇ ಹೊತ್ತಿಗೆ ಸೂರ್ಯ ಸಿಡಿದಿದ್ದ; ದೇಶದೇಶಗಳ ಉಪಕರಣಗಳು ಆ ಕಣಗಳನ್ನು ನೆಲದ ಮೇಲೇ ಹಿಡಿದಿದ್ದವು. ಮೇಷ್ಟ್ರು ಎರಡು ಸಲ ಓದಿ, ಪತ್ರಿಕೆಯನ್ನು ಮಡಿಚಿ, ತರಗತಿಗೆ ಹೋಗಿ ಸನ್ನೆಕೋಲಿನ ಪಾಠ ಮಾಡಿದರು.

ಆ ವರ್ಷವೇ ಕೊಡಗು ಮೈಸೂರಿಗೆ ಸೇರಿತು, ಮೇಷ್ಟ್ರಿಗೆ ವರ್ಗವಾಯಿತು. ಬಸ್ಸು ಹತ್ತಿಸುವಾಗ, ಸೂರ್ಯ ಮತ್ತೊಮ್ಮೆ ಸಿಡಿದಾನು ಎಂದೆ.

"ಸಿಡೀತಾನೆ. ಅವನಿಗೇನು, ಆಯಸ್ಸಿದೆ."

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ಬೆಳಗಿನ ಕಣಗಳನ್ನು ಕಂಡ ಊರುಗಳ ಹೆಸರು ಆಮೇಲೆ ಅಚ್ಚಾಗಿ ಬಂತು. ಮಡಿಕೇರಿ ಅದರಲ್ಲಿಲ್ಲ.