ಮರುಳಣ್ಣ ನೋಡದೆ ತುಂಬಿಸಿದ ನೀರು

ಮರುಳಣ್ಣ ಯಾರ ಇಂಜಿನ್ನಿಗೂ ಸುಳ್ಳು ಸಮಾಧಾನ ಹೇಳಿದವರಲ್ಲ. ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತೆಗೆದು, ಅದರ ಒಳಮೈಯನ್ನು ಹೆಬ್ಬೆರಳಲ್ಲಿ ಒರೆಸಿ ಮೂಸಿ ನೋಡಿ, "ಹೋಯ್ತು ಕಣ್ರೀ, ಮಾರ್ಕೊಳ್ಳಿ" ಅಂದುಬಿಡುತ್ತಿದ್ದರು. ಹಣೆ ತುಂಬ ವಿಭೂತಿ, ಅಂಗಿ ತುಂಬ ಗ್ರೀಸು. ಬೀರೂರಿನಲ್ಲಿ ಅಜ್ಜಂಪುರದ ರಸ್ತೆಗೆ ಅವರ ಶೆಡ್ಡು. ಆ ಮಾತನ್ನು ಎದುರಿಗೆ ನಿಂತು ಕೇಳುವ ಧೈರ್ಯ ಸಾಲದೆ ಕೆಲವರು ಗಾಡಿ ಬಿಟ್ಟು ಟೀ ಅಂಗಡಿಗೆ ಹೋಗಿ ಕೂರುತ್ತಿದ್ದರು.

ನಾನು ಕೊಬ್ಬರಿ ವ್ಯಾಪಾರದವನು, ಸ್ವಲ್ಪ ಮುಂಗೋಪಿ. ಒಂದು ಸಲ ನನ್ನ ಕಾರಿನಲ್ಲಿ ಆಯಿಲೂ ನೀರೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿ ಮರುಳಣ್ಣನೇ ಹೊಸದು ಹಾಕಿಕೊಟ್ಟರು. ವಾರ ಕಳೆಯುವುದರೊಳಗೆ ಮುಚ್ಚಳದ ಒಳಗೆ ಬೆಣ್ಣೆ ಮೆತ್ತಿದ ಹಾಗೆ ಬಿಳೀ ಜಿಡ್ಡು. ಆಯಿಲ್‌ಗೆ ನೀರು ಸೇರಿದರೆ ಹೀಗಾಗುತ್ತದೆ ಅಂತ ಯಾರೋ ಹೇಳಿದರು. ನೇರ ಶೆಡ್ಡಿಗೆ ಹೋಗಿ ಕೂಗಾಡಿದೆ.

"ಕೂಗ್ಬೇಡಿ. ಈ ವಾರ ಎಲ್ಲೆಲ್ಲಿ ಓಡ್ಸಿದ್ರಿ?"

"ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ. ಇನ್ನೆಲ್ಲಿಗೆ?"

"ಅದೇ ಮತ್ತೆ. ಸರ್ಯಾಗಿ ಬಿಸಿ ಆಗೋಕೆ ಮುಂಚೆನೇ ಆಫ್ ಮಾಡ್ತೀರ. ಒಳಗಿನ ತೇವ ಎಲ್ಲಿಗ್ರೀ ಹೋಗ್ಬೇಕು? ಹಂಗಂತ ಗ್ಯಾರಂಟಿ ಕೊಡಲ್ಲ. ಇಂಜಿನ್ ಬ್ಲಾಕೇ ಸೀಳಿ ನೀರು ಒಳಗೆ ಇಳೀತಿದ್ರೂ ಹಿಂಗೇ ಕಾಣುತ್ತೆ. ನೋಡಣ ನಡೀರಿ."

ನೋಡುವುದಕ್ಕೆ ಅವರದೇ ಒಂದು ಕ್ರಮ ಇತ್ತು. ಮುಚ್ಚಳ ಒರೆಸಿ ಹಾಕಿದರು. ರೇಡಿಯೇಟರಿನ ಪಕ್ಕದ ನೀರಿನ ಬಾಟಲಿಗೆ, ನೀರು ಎಲ್ಲಿವರೆಗೆ ಇತ್ತೋ ಅಲ್ಲಿಗೆ ಸರಿಯಾಗಿ ಒಂದು ದಾರ ಕಟ್ಟಿದರು. ಎಲ್ಲೂ ನಿಲ್ಲಿಸದೆ ತರೀಕೆರೆ ದಾಟಿಸಿದರು. ಅಮೃತಾಪುರಕ್ಕೆ ಹೋಗಿ, ಇಂಜಿನ್ ಪೂರ್ತಿ ಆರುವ ತನಕ ಗುಡಿಯ ಹೊರಗಿನ ನೆರಳಲ್ಲಿ ಕೂತೆವು. ಆಮೇಲೆ ನೋಡಿದರೆ ಮುಚ್ಚಳ ಒಣಗಿತ್ತು, ನೀರು ದಾರದ ಮಟ್ಟದಲ್ಲೇ ಇತ್ತು. "ಬರೀ ತೇವ. ಬದುಕ್ಕೊಂಡ್ರಿ" ಅಂದರು. ಮತ್ತೆ ಬೆರಳು ತೋರಿಸಿ, "ನೀರು ಹಾಕೋಕೆ ಮುಂಚೆ ಮಟ್ಟ ನೋಡ್ಬೇಕು. ಹಾಕಿದ್ಮೇಲೆ ನೋಡಿದ್ರೆ ನಮಗೆ ನಾವೇ ಟೋಪಿ ಹಾಕ್ಕೊಂಡಂಗೆ" ಅಂದರು. ಅವತ್ತಿನಿಂದ ನಾನು ಅವರ ಶೆಡ್ಡಿನ ಕಾಯಂ ಗಿರಾಕಿ.

ಶೆಡ್ಡಿನ ಹಿಂದೆಯೇ ಮನೆ. ಅವರ ಹೆಂಡತಿ ಪಾರ್ವತಕ್ಕ ಬಾಗಿಲಲ್ಲಿ ಕೂತು, "ಏನಪ್ಪಾ, ಇವತ್ತೂ ಬೈಸ್ಕೊಂಡ್ಯಾ?" ಅಂತ ನಗುತ್ತಿದ್ದರು. ಆಮೇಲೆ ಆ ತಾಯಿಯ ಎರಡೂ ಕಿಡ್ನಿ ಕೈಕೊಟ್ಟವು. ರಕ್ತ ಶುದ್ಧಿ ಮಾಡಿಸಲು ಪ್ರತಿ ವಾರ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕು, ತಪ್ಪಿಸುವ ಹಾಗಿಲ್ಲ. ಮರುಳಣ್ಣ ತಮ್ಮ ಹಳೇ ಕಾರಿನ ಮುಂದಿನ ಸೀಟು ಬಿಚ್ಚಿ, ಮಂಚದ ಹಾಗೆ ಒರಗುವಂತೆ ಮಾಡಿ, ಕಾಲಿಗೊಂದು ದಿಂಬು ಕೊಟ್ಟರು. ಬೇರೆಯವರ ಗಾಡಿಯಲ್ಲಿ ಪಾರ್ವತಕ್ಕನಿಗೆ ಆಗುತ್ತಿರಲಿಲ್ಲ. ದಾರಿಯಲ್ಲಿ ವಾಂತಿಯಾಗುತ್ತಿತ್ತು, ಗಲೀಜು ಮಾಡಿಬಿಟ್ಟೆನಲ್ಲ ಅಂತ ಅಳುತ್ತಿದ್ದರು.

ಆ ಕಾರಿನ ಗ್ಯಾಸ್ಕೆಟ್ಟೂ ಸುಟ್ಟಿತು. ಮರುಳಣ್ಣ ಹೊಸದು ಹಾಕಿದರು. ಒಂದು ಬೆಳಿಗ್ಗೆ ನಾನು ಹೋದಾಗ ಬಾನೆಟ್ ಎತ್ತಿತ್ತು, ಮುಚ್ಚಳದಲ್ಲಿ ಅದೇ ಬಿಳೀ ಜಿಡ್ಡು. "ಬರೀ ತೇವ" ಅಂದರು, ನಾನು ಕೇಳುವ ಮೊದಲೇ. ಶಿವಮೊಗ್ಗದವರೆಗೆ ಓಡಿ ಪೂರ್ತಿ ಬಿಸಿಯಾಗುವ ಗಾಡಿಗೆ ಎಲ್ಲಿಯ ತೇವ ಅಂತ ನನ್ನಂಥ ದಡ್ಡನಿಗೂ ಅನಿಸಿತು. ಅಷ್ಟರಲ್ಲಿ ಚೊಂಬು ತಂದು, ಮುಖ ಆಚೆ ತಿರುಗಿಸಿಕೊಂಡು ಬಾಟಲಿಗೆ ನೀರು ಸುರಿದರು. ದಾರ ಕಟ್ಟಿರಲಿಲ್ಲ.

"ಮಟ್ಟ ನೋಡ್ಲಿಲ್ವಲ್ಲ ಮರುಳಣ್ಣ?"

"ತುಂಬಿದೆ, ನೋಡಿ."

"ಈಗ ತುಂಬಿದೆ. ಸುರಿಯೋಕೆ ಮುಂಚೆ?"

"ನಿಮಗೇನ್ರೀ ಗೊತ್ತು? ಕೊಬ್ಬರಿ ಮಾರೋರು ಕೊಬ್ಬರಿ ಮಾರಿ" ಅಂತ ರೇಗಿದರು. ಅವರು ನನಗೆ ಬೈದದ್ದು ಹೊಸದೇನಲ್ಲ. ಆದರೆ ಆವತ್ತು ಬೈದು, ನನ್ನ ಕಡೆ ನೋಡದೆ ಬಾನೆಟ್ ಮುಚ್ಚಿಬಿಟ್ಟರು. ಬ್ಲಾಕ್ ಸೀಳಿದೆ ಅಂತ ಒಪ್ಪಿಕೊಂಡರೆ ಇಂಜಿನ್ ಇಳಿಸಬೇಕು. ಇಳಿಸಿದರೆ ಆಸ್ಪತ್ರೆಯ ದಿನ ತಪ್ಪುತ್ತದೆ. ಅದಕ್ಕೇ ಅವರು ದಿನಾ ನೋಡದೆ ತುಂಬಿಸುತ್ತಿದ್ದರು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ, ಶಿವಮೊಗ್ಗದಿಂದ ಬರುವಾಗ ತರೀಕೆರೆ ಇನ್ನೂ ಸ್ವಲ್ಪ ದೂರ ಇರುವಾಗ ಇಂಜಿನ್ ಕಚ್ಚಿಕೊಂಡು ನಿಂತಿತು. ಫೋನ್ ಬಂತು, ನಾನು ಹೋದೆ. ಪಾರ್ವತಕ್ಕ ನನ್ನ ಕಾರಿನಲ್ಲಿ ಊರಿನ ತನಕ ಟವೆಲಿನಿಂದ ಬಾಯಿ ಒತ್ತಿಹಿಡಿದೇ ಕೂತಿದ್ದರು. ಮುಂದಿನ ಸಲವೂ ನಾನೇ ಕರೆದೊಯ್ದೆ. ಸೀಟಿನ ಮೇಲೆಲ್ಲ ವಾಂತಿ ಮಾಡಿಕೊಂಡು, ತೊಳೆಯಲು ಬಿಡಿ ಅಂತ ನನ್ನ ಕೈ ಹಿಡಿದುಕೊಂಡರು. ಅದರ ಮುಂದಿನ ಸಲ, "ಬ್ಯಾಡ ಕಣಪ್ಪ, ನಮ್ ಗಾಡಿ ರೆಡಿ ಆಗ್ಲಿ" ಅಂತ ಮಲಗಿಬಿಟ್ಟರು. ನಾನು ಬೇಡಿಕೊಂಡೆ, ಮರುಳಣ್ಣ ಗದರಿದರು, ಏಳಲಿಲ್ಲ. ಮರುಳಣ್ಣ ಬೇರೆ ಇಂಜಿನ್ ಹುಡುಕಿಕೊಂಡು ಕಡೂರಿನ ಗುಜರಿಗಳನ್ನೆಲ್ಲ ಜಾಲಾಡಿದರು. ಸಿಗುವಷ್ಟರಲ್ಲಿ ಪಾರ್ವತಕ್ಕ ಇರಲಿಲ್ಲ.

ಶೆಡ್ಡು ಮುಚ್ಚಿ ಅವರು ಬುಕ್ಕಾಂಬುಧಿಗೆ, ತಮ್ಮನ ಮನೆಗೆ ಹೊರಟುಹೋದರು. ಆಮೇಲೆ ನನಗೆ ಸಿಕ್ಕಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಈಗ ನನ್ನ ಕಾರನ್ನು ಯಾರ್ಯಾರೋ ನೋಡುತ್ತಾರೆ, ಎಲ್ಲರೂ ಸಿಹಿಯಾಗಿ ಮಾತಾಡುತ್ತಾರೆ.

ಹೊರಡುವ ದಿನ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಕಲ್ಲುಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಬಸ್ಸು ಬಂದು ನಿಂತಮೇಲೆ ಹೇಳಿದರು:

"ಅವ್ಳು ಹೋಗೋ ಹಿಂದಿನ್ ಸಂಜೆ ಕೇಳಿದ್ಲು ಕಣ್ರೀ, ಗಾಡಿ ರೆಡಿ ಆಯ್ತಾ ಅಂತ. ಇಂಜಿನ್ನೇ ಇರ್ಲಿಲ್ಲ ಅದ್ರೊಳಗೆ. ಆಯ್ತು ಅಂದೆ. ಹಂಗಾದ್ರೆ ನಾಳೆ ಹೋಗಣ, ಬೇಗ ಎಬ್ಸಿ ಅಂದ್ಲು."