ದೀಪದ ಹೊತ್ತಿಲ್ಲದ ಊರು

ಇವತ್ತು ಬೆಳಿಗ್ಗೆ ಟ್ರಂಕು ತೆಗೆದು ಉಣ್ಣೆಯ ಬಟ್ಟೆಗಳನ್ನೆಲ್ಲ ಮಹಡಿಯ ಮೇಲೆ ಬಿಸಿಲಿಗೆ ಹರಡಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹತ್ತಿ ಒಂದೇ ಸಮನೆ ಸೀನು. ಕೆಳಗಿನಿಂದ ನಿಮ್ಮಮ್ಮ ಕೂಗಿದಳು: "ಅತ್ತೆ, ಈ ಸೆಕೇಲಿ ಸ್ವೆಟರ್ ಯಾಕೆ ತೆಗೆದ್ರಿ?"

"ಹುಳ ಬೀಳುತ್ತಮ್ಮ" ಎಂದೆ. ಸುಳ್ಳೇನಲ್ಲ. ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜವನ್ನು ಮೊದಲು ಮೊಮ್ಮಕ್ಕಳಾದ ನಿಮಗೆ ಹೇಳೋಣ, ಬಾಯಲ್ಲಿ ಹೇಳುವ ಧೈರ್ಯ ಸಾಲದು, ಬರೆದೇ ಹೇಳೋಣ ಎಂದು ಈ ಹಾಳೆ ಹಿಡಿದು ಕೂತಿದ್ದೇನೆ.

ಆ ರಾಶಿಯಲ್ಲಿ ಒಂದು ಗಿಣಿಹಸಿರು ಸ್ವೆಟರಿದೆ. ಚಳಿಗಾಲದಲ್ಲಿ ಫುಟ್‌ಪಾತಿನ ಮೇಲೆ ಉಣ್ಣೆ ಬಟ್ಟೆ ಮಾರುವ ಟಿಬೆಟಿನ ಹೆಂಗಸಿನ ಹತ್ತಿರ ತೆಗೆದುಕೊಂಡದ್ದು. ಅದರ ಜೇಬಿಗೆ ಕೈ ಹಾಕಿದರೆ ಬತ್ತಿಗಳು ಸಿಕ್ಕವು. ನಾನೇ ಹೊಸೆದ ಹತ್ತಿಯ ಬತ್ತಿಗಳು. ಯೂರೋಪಿನ ತುತ್ತತುದಿಯವರೆಗೆ ಹೋಗಿ, ಒಂದು ಸಲವೂ ಎಣ್ಣೆ ಕಾಣದೆ ಹಿಂದಕ್ಕೆ ಬಂದವು. ಅವುಗಳ ಕತೆ ಹೇಳಬೇಕಾದರೆ ನಮ್ಮ ಹಳ್ಳಿಯ ಶಾಲೆಯಿಂದ ಶುರು ಮಾಡಬೇಕು.

ಮಾಗಡಿಯ ಕಡೆಯ ಆ ಹಳ್ಳಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಸಂಜೆ ಶಾಲೆಯಿಂದ ಬಂದ ತಕ್ಷಣ ನನ್ನ ಕೆಲಸ ಲಾಟೀನುಗಳ ಗಾಜು ಒರೆಸುವುದು. ನನ್ನ ಕೈ ಸಣ್ಣದು, ಗಾಜಿನೊಳಗೆ ಹೋಗುತ್ತದೆ ಎಂಬುದೇ ನನ್ನ ಅರ್ಹತೆ. ಒಲೆಯ ಬೂದಿ ಹಚ್ಚಿ, ಹಳೆಯ ಪಂಚೆಯ ತುಂಡಿನಲ್ಲಿ ಉಜ್ಜಬೇಕು. ಒಡೆದರೆ ಬೈಗುಳ, ಮಸಿ ಉಳಿದರೂ ಬೈಗುಳ. ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುವ ಹೊತ್ತು ಅದು.

ಹೀಗಿರುವಾಗ ಒಂದು ದಿನ ಮೇಷ್ಟ್ರು ಭೂಗೋಳ ಹೇಳುತ್ತ, ಭೂಮಿಯ ಉತ್ತರದ ಕೊನೆಯಲ್ಲಿ ಒಂದು ದೇಶವಿದೆ, ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದರು. ನನಗೆ ಮೈಯೆಲ್ಲ ಜುಮ್ಮೆಂದಿತು. ಎದ್ದು ನಿಂತು ಕೇಳಿಯೇಬಿಟ್ಟೆ: "ಸಾರ್, ಅಲ್ಲಿ ದೀಪ ಯಾವಾಗ ಹಚ್ತಾರೆ?"

ಇಡೀ ತರಗತಿ ಘೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. ಒಳ್ಳೆಯವರೇ ಅವರು. "ಮೊದ್ಲು ನಿಮ್ಮನೆ ದೀಪ ನೆಟ್ಟಗೆ ಹಚ್ಚಮ್ಮ, ಅಲ್ಲೀದು ಆಮೇಲೆ ನೋಡೋಣ" ಎಂದರು. ನಾನು ಕೂತೆ. ಕೂತವಳು ಆಮೇಲೆ ಶಾಲೆಯಲ್ಲಿ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಶಾಲೆ ಮುಗಿದ ಮೇಲೂ ಕೇಳಲಿಲ್ಲ ಎಂದರೆ ನೀವು ನಂಬಬೇಕು. ಬಸ್ಸಿನಲ್ಲಿ ನನ್ನ ಸ್ಟಾಪು ಬಂತೇ ಎಂದು ಕಂಡಕ್ಟರನ್ನು ಕೇಳಲು ನಾಚಿ, ಕಲಾಸಿಪಾಳ್ಯದವರೆಗೂ ಹೋಗಿ, ಸುಮ್ಮನೆ ನಡೆದುಕೊಂಡು ಬಂದವಳು ನಾನು.

ನಿಮ್ಮ ತಾತನ ಕೈ ಹಿಡಿದು ಎನ್.ಆರ್. ಕಾಲೋನಿಯ ಈ ಮನೆಗೆ ಬಂದಾಗ ಇಲ್ಲಿ ಸ್ವಿಚ್ಚು ಒತ್ತಿದರೆ ಬೆಳಕು. ಆದರೂ ದೀಪದ ಹೊತ್ತು ನನ್ನನ್ನು ಬಿಡಲಿಲ್ಲ. ದೇವರ ಮುಂದೆ ಸಂಜೆ ದೀಪ ಹಚ್ಚುವುದು ಮನೆಯ ಸೊಸೆ, ಅವಳು ಆ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದು ನಿಮ್ಮ ಮುತ್ತಜ್ಜಿಯ ಕಟ್ಟಳೆ. ರಾಮನವಮಿಯ ಸಂಗೀತ ಕಛೇರಿಗೆ ಹೋದರೆ ರಾಗ ಕಾವೇರುವ ಹೊತ್ತಿಗೆ ನಾನು ಎದ್ದು ಹೊರಡಬೇಕು. ಗಾಂಧಿಬಜಾರಿನಲ್ಲಿ ದೋಸೆ ತಿನ್ನಲು ಕೂತರೆ ಕಣ್ಣು ಆಕಾಶದ ಮೇಲೆ. ನಿಮ್ಮ ತಾತ ಸರ್ಕಾರಿ ಕಚೇರಿಯಿಂದ ಹಾರ, ಶಾಲು, ಗೋಡೆ ಗಡಿಯಾರ ತೆಗೆದುಕೊಂಡು ನಿವೃತ್ತರಾದರು. ನನ್ನ ಕಚೇರಿ ಎಂದಿನ ಹಾಗೆ ನಡೆಯಿತು. ದುಃಖವೆಂದು ಹೇಳುತ್ತಿಲ್ಲ. ದೀಪ ಹಚ್ಚಿದ ಮೇಲೆ ದೇವರ ಮನೆಯಲ್ಲಿ ಒಂದು ಗಳಿಗೆ ಕೂರುವ ಸುಖ ನನಗೆ ಗೊತ್ತು. ಆದರೆ ಮನಸ್ಸಿನ ಮೂಲೆಯಲ್ಲಿ ಆ ಚಿಕ್ಕ ಹುಡುಗಿ ಇನ್ನೂ ಎದ್ದು ನಿಂತೇ ಇದ್ದಳು.

ನಿಮ್ಮಪ್ಪ, ನಿಮ್ಮ ಸೋದರತ್ತೆ ಇಬ್ಬರ ಮದುವೆಯೂ ಮುಗಿದ ಮೇಲೆ ನಿಮ್ಮ ತಾತನಿಗೆ ಯೂರೋಪಿನ ಹುಚ್ಚು ಹಿಡಿಯಿತು. ಕಾಶಿ ಆಯಿತು, ರಾಮೇಶ್ವರ ಆಯಿತು, ಕಾಲು ಗಟ್ಟಿಯಿರುವಾಗಲೇ ಸಮುದ್ರ ದಾಟಿಬಿಡೋಣ ಎಂಬ ಲೆಕ್ಕಾಚಾರ. ಜೊತೆಗೆ ಸಿಕ್ಕವರು ಎದುರು ಮನೆಯ ರುದ್ರಪ್ಪನವರು ಮತ್ತು ಗಿರಿಜಮ್ಮ. ರುದ್ರಪ್ಪನವರದು ನಗರ್ತಪೇಟೆಯಲ್ಲಿ ಅಜ್ಜನ ಕಾಲದಿಂದ ಬಂದ ರೇಷ್ಮೆ ಸೀರೆಯ ಅಂಗಡಿ. ಅದನ್ನು ತಮ್ಮಂದಿರಿಗೆ ವಹಿಸಿ ಆಗಷ್ಟೇ ಮನೆಯಲ್ಲಿ ಕೂತಿದ್ದರು. ಗಿರಿಜಮ್ಮ ಮಲ್ಲೇಶ್ವರದಲ್ಲಿ ಕಾಲೇಜು ಓದಿದವರು, ಇಂಗ್ಲಿಷು ಸರಾಗ, ನಾಲಗೆ ಇನ್ನೂ ಸರಾಗ.

ಪ್ರವಾಸದ ಆಫೀಸಿನವರು, ನಿಮಗೆ ಸಿಗುವ ದಿನಗಳಲ್ಲಿ ನಾಲ್ಕು ಜಾಗ ನೋಡಬಹುದು, ನಾಲ್ಕು ಆರಿಸಿ ತಿಳಿಸಿ ಎಂದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಎಂದು ರುದ್ರಪ್ಪನವರೇ ತೀರ್ಮಾನ ಮಾಡಿದರು. ಆಮೇಲಿನ ಭಾನುವಾರಗಳೆಲ್ಲ ನಮ್ಮ ಹಜಾರದ ಚಾಪೆಯ ಮೇಲೆ ಕಳೆದವು. ನಿಮ್ಮ ತಾತನ ಆಯ್ಕೆ ಲಂಡನ್. ಅಲ್ಲಿ ನೆಲದ ಮೇಲೆ ಎಳೆದ ಒಂದು ಗೆರೆಯಿಂದ ಪ್ರಪಂಚದ ಗಡಿಯಾರಗಳೆಲ್ಲ ಹೊರಡುತ್ತವಂತೆ. ಆಕಾಶವಾಣಿಯ ಸಮಯಕ್ಕೆ ಕೈಗಡಿಯಾರ ಹೊಂದಿಸಿಕೊಳ್ಳದೆ ಕಾಫಿ ಮುಟ್ಟದ ಮನುಷ್ಯನಿಗೆ ಅದೇ ಗಂಗೋತ್ರಿ. ರುದ್ರಪ್ಪನವರಿಗೆ ಇಟಲಿಯಲ್ಲಿ ಕೆರೆಯ ದಡದ ರೇಷ್ಮೆಯ ಊರು. ಗಿರಿಜಮ್ಮನಿಗೆ ಸ್ವಿಟ್ಜರ್ಲೆಂಡಿನ ಹಿಮ. "ಸಿನಿಮಾದಲ್ಲಿ ಹೀರೋಯಿನ್ನು ಬರೀ ಸೀರೇಲಿ ಕುಣೀತಾಳಲ್ಲ, ಚಳಿ ಆಗಲ್ವಾ ಅಂತ ನಾನೇ ನೋಡ್ಬೇಕು" ಎನ್ನುತ್ತಿದ್ದರು.

ನನ್ನದು? ನನ್ನನ್ನು ಯಾರೂ ಕೇಳಲಿಲ್ಲ ಎಂದರೆ ತಪ್ಪಾಗುತ್ತದೆ. ನಿಮ್ಮ ತಾತ ಪ್ರತಿ ಭಾನುವಾರ ಕೇಳುತ್ತಿದ್ದರು. "ಏನೇ, ನಿಂದ್ಯಾವುದು?" ನಾನು "ನೀವು ಹೇಳಿದ್ದೇ" ಎನ್ನುತ್ತಿದ್ದೆ. ಉತ್ತರ ಗಂಟಲಿನವರೆಗೆ ಬಂದು, ತರಗತಿಯ ನಗು ಕೇಳಿಸಿ, ಹಾಗೇ ಕೆಳಗಿಳಿಯುತ್ತಿತ್ತು. ಹೀಗಾಗಿ ನಾಲ್ಕನೆಯ ಜಾಗ ರೋಮ್ ಎಂದು ಅವರೇ ಹೆಚ್ಚುಕಡಿಮೆ ಗಟ್ಟಿ ಮಾಡಿದರು. ಸೋಮವಾರ ಆಫೀಸಿಗೆ ಹೋಗಿ ತಿಳಿಸುವುದು. ಅದರ ಹಿಂದಿನ ದಿನ ಕೊನೆಯ ಸಭೆ.

ಅವತ್ತು ಪ್ರವಾಸದವರು ಕೊಟ್ಟಿದ್ದ ಬಣ್ಣದ ಚಿತ್ರಗಳೆಲ್ಲ ಚಾಪೆಯ ತುಂಬ ಹರಡಿದ್ದವು. ಕಾಫಿ ಮುಗಿದಿತ್ತು. ನಾನು ಲೋಟ ಎತ್ತಿಕೊಂಡು ಹೋಗಲು ಬಂದೆ. ಬಗ್ಗಿದವಳು ಎಷ್ಟು ಹೊತ್ತು ಬಗ್ಗಿಯೇ ಇದ್ದೆನೋ ತಿಳಿಯದು.

"ಯಾರೂ ಏನೂ ಎತ್ಬೇಡಿ" ಎಂದರು ರುದ್ರಪ್ಪನವರು ಮೆತ್ತಗೆ. "ರಾಯರೇ, ಅಂಗಡೀಲಿ ನಮ್ಮಪ್ಪ ಒಂದು ಮಾತು ಹೇಳೋರು. ಗಿರಾಕಿ ಬಾಯಿ ನೋಡ್ಬೇಡ, ಕೈ ನೋಡು. ಹತ್ತಿಪ್ಪತ್ತು ಸೀರೆ ಹರಡಿದ್ಮೇಲೆ, ಬಾಯಿ ಏನೇ ಹೇಳ್ಲಿ, ಕೈ ಯಾವ ಸೀರೆ ಮೇಲಿರುತ್ತೋ ಅದೇ ಅವರ ಸೀರೆ. ಈಗ ಅಕ್ಕೋರ ಕೈ ನೋಡಿ."

ನೋಡಿದರೆ ನನ್ನ ಬಲಗೈ ಒಂದು ಚಿತ್ರದ ಮೇಲಿತ್ತು. ಕಡುನೀಲಿ ಸಮುದ್ರ, ಅದರ ಅಂಚಿನಲ್ಲಿ ಮುಳುಗದೆ ನಿಂತ ಸೂರ್ಯ. ಒಲೆಯಿಂದ ಕೈ ಎಳೆದುಕೊಳ್ಳುವ ಹಾಗೆ ಎಳೆದುಕೊಂಡೆ.

"ಛೇ, ಅವಳು ಲೋಟ ತಗೊಳ್ಳೋಕೆ ಬಂದಿದ್ದು" ಎಂದರು ನಿಮ್ಮ ತಾತ.

"ಲೋಟ ಆ ಕಡೆ ಇದೆ ರಾಯರೇ, ಕೈ ಈ ಕಡೆ ಇತ್ತು" ಎಂದ ಗಿರಿಜಮ್ಮ ನನ್ನ ಕಡೆ ತಿರುಗಿದರು. "ರೀ, ಹೇಳ್ರೀ. ಅಲ್ಲೇನಿದೆ? ಸ್ವಿಟ್ಜರ್ಲೆಂಡ್ ಹೇಳೋವಾಗ ನಾನೇನು ನಾಚ್ಕೊಂಡ್ನಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಲೋಟಗಳನ್ನು ನೋಡಿದೆ. ಲೋಟಗಳಿಗೇ ಹೇಳಿದೆ: "ಅಲ್ಲಿ ಬೇಸಿಗೇಲಿ ಸೂರ್ಯ ಮುಳುಗಲ್ವಂತೆ. ಹಾಗಾದ್ರೆ... ಅಲ್ಲಿಯವರು ದೀಪ ಯಾವಾಗ ಹಚ್ತಾರೆ ಅಂತ ನೋಡ್ಬೇಕು."

ಮಕ್ಕಳೇ, ಯಾರೂ ನಗಲಿಲ್ಲ. ಆಮೇಲೆ ರುದ್ರಪ್ಪನವರು ಹಣೆಯ ವಿಭೂತಿ ಕದಡುವ ಹಾಗೆ ಹುಬ್ಬೇರಿಸಿ, "ಅಲ್ಲ ರಾಯರೇ, ಅದಿರ್ಲಿ, ನಿಮ್ಮ ಸಂಧ್ಯಾವಂದನೆ ಗತಿ ಏನು? ಸಂಧ್ಯೆಯೇ ಇಲ್ದಿದ್ರೆ?" ಎಂದರು.

ನಿಮ್ಮ ತಾತನ ಮುಖ ನೋಡಬೇಕಿತ್ತು. ಕಚೇರಿಯಲ್ಲಿ ಕಡತ ಕಳೆದುಹೋದಾಗಲೂ ಅಷ್ಟು ಗಾಬರಿಯಾಗಿರಲಾರರು. ಸಭೆಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ, ಪುರೋಹಿತರ ಮನೆಗೆ ಹೊರಟೇಬಿಟ್ಟರು. ಹಿಂತಿರುಗಿದಾಗ ಮುಖದಲ್ಲಿ ಕಳೆಯಿತ್ತು. "ಜೋಯಿಸರು ಹೇಳಿದ್ರು, ಸೂರ್ಯ ಮುಳುಗ್ದಿದ್ರೆ ಬೇಡ, ಬಸವನಗುಡೀಲಿ ಮುಳುಗ್ತಾನಲ್ಲ, ಆ ಟೈಮ್ ಇಟ್ಕೊಳ್ಳಿ ಅಂತ. ಎರಡು ವಾಚು ಕಟ್ಕೊಂಡ್ರಾಯ್ತು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಇಷ್ಟು ವರ್ಷ ಇದನ್ನ ಎಲ್ಲಿಟ್ಕೊಂಡಿದ್ದೆಯೇ?"

ರೋಮ್ ಹೋಯಿತು. ನಾರ್ವೆ ಬಂತು.

ಪ್ರವಾಸದ ಕತೆಯನ್ನೆಲ್ಲ ನೀವು ತಾತನ ಬಾಯಲ್ಲೇ ಕೇಳಿದ್ದೀರಿ. ಲಂಡನ್ನಿನ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಅವರು ಮಡಿಯುಟ್ಟವರ ಹಾಗೆ ಗಂಭೀರವಾಗಿ ನಿಂತದ್ದು, ಇಟಲಿಯಲ್ಲಿ ರುದ್ರಪ್ಪನವರು ಒಂದು ಸ್ಕಾರ್ಫನ್ನು ಬೆಳಕಿಗೆ ಹಿಡಿದು, ಕೊಳ್ಳುವ ಉದ್ದೇಶವೇ ಇಲ್ಲದೆ ಅರ್ಧ ಗಂಟೆ ಚೌಕಾಸಿ ಮಾಡಿದ್ದು, ಕೊನೆಗೆ ಆ ಅಂಗಡಿಯವನೇ ಇವರಿಗೆ ಕಾಫಿ ತರಿಸಿದ್ದು. ಗಿರಿಜಮ್ಮ ಹಿಮದ ಮೇಲೆ ಬರೀ ಸೀರೆಯಲ್ಲಿ ನಿಲ್ಲುತ್ತೇನೆಂದು ಶಾಲು ತೆಗೆದವರು, ನಾವು ಫೋಟೋ ತೆಗೆಯುವಷ್ಟರಲ್ಲಿ "ಸಾಕಪ್ಪಾ, ಹೀರೋಯಿನ್‌ಗೆ ಒಂದು ನಮಸ್ಕಾರ!" ಎಂದು ಕೂಗಿಕೊಂಡಿದ್ದರು.

ಕೊನೆಗೆ ಹಡಗು ನಮ್ಮನ್ನು ಉತ್ತರದ ಒಂದು ಪುಟ್ಟ ಊರಿನಲ್ಲಿ ಇಳಿಸಿತು. ಕೆಂಪು ಹಳದಿ ಬಳಿದ ಮರದ ಮನೆಗಳು, ಕಿಟಕಿಗಳಲ್ಲಿ ಬಿಳಿಯ ಪರದೆ. ಮಧ್ಯಾಹ್ನ ಮೂರು ಗಂಟೆ. ನಿಮ್ಮ ತಾತ ಎಡಗೈಯ ವಾಚು ನೋಡಲಿಲ್ಲ, ಬಲಗೈಯದನ್ನು ನೋಡಿ, "ಏನೇ, ಊರಲ್ಲಿ ದೀಪದ ಹೊತ್ತಾಯ್ತು" ಎಂದರು. ನಾನು ಸ್ವೆಟರಿನ ಜೇಬಿಗೆ ಕೈ ಹಾಕಿ, ಅಲ್ಲೂ ದೀಪ ಹಚ್ಚಬೇಕಾದೀತೆಂದು ಮನೆಯಿಂದ ಹೊಸೆದು ತಂದಿದ್ದ ಬತ್ತಿ ಹಿಡಿದುಕೊಂಡೆ. ಸೂರ್ಯ ಇನ್ನೂ ಮೇಲೆಯೇ ಇದ್ದ.

ಎದುರಿನ ಮನೆಯ ಮೆಟ್ಟಿಲಿನ ಮೇಲೆ ಒಬ್ಬ ಮುದುಕಿ ಹೆಣಿಗೆ ಹಾಕುತ್ತ ಕೂತಿದ್ದಳು. ಅವಳ ಹಿಂದಿನ ಕಿಟಕಿಯಲ್ಲಿ ಒಂದು ದೀಪ, ಹಚ್ಚದ ದೀಪ. ಗಿರಿಜಮ್ಮನನ್ನು ಕರೆಯಬಹುದಿತ್ತು. ಯಾಕೋ ಕರೆಯಲಿಲ್ಲ. ನನ್ನ ಪ್ರಶ್ನೆ, ನಾನೇ ಕೇಳಬೇಕು ಅನ್ನಿಸಿತು. ನೇರ ಹೋಗಿ, ಕಿಟಕಿಯ ಕಡೆ ಬೆರಳು ತೋರಿಸಿ, ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ಕೇಳಿದೆ: "ಲ್ಯಾಂಪ್... ವೆನ್?"

ಅವಳು ನಕ್ಕಳು. ಜೋರಾಗಿ ನಕ್ಕಳು. ನನ್ನ ಕಾಲ ಕೆಳಗಿನ ನೆಲ ಮಾಗಡಿಯ ಶಾಲೆಯ ಸಗಣಿ ಸಾರಿಸಿದ ನೆಲವಾಯಿತು. ಕೂತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅವಳು ಹೆಣಿಗೆ ಬದಿಗಿಟ್ಟು, ನನ್ನ ಕೈ ಹಿಡಿದು, ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡಳು. ಏನೇನೋ ಹೇಳಿದಳು. ಅರ್ಧ ಅವಳ ಭಾಷೆ, ಅರ್ಧ ಇಂಗ್ಲಿಷು. ಅಷ್ಟು ಹೊತ್ತಿಗೆ ಓಡಿ ಬಂದ ಗಿರಿಜಮ್ಮ ಉಳಿದದ್ದನ್ನು ಕನ್ನಡಕ್ಕಿಳಿಸಿದರು.

"ಬೇಸಿಗೇಲಿ ದೀಪ ಹಚ್ಚೋದೇ ಇಲ್ವಂತೆ ಕಣ್ರೀ. ಅದಕ್ಕೇ ನಗು ಬಂತಂತೆ, ಇಷ್ಟು ವರ್ಷದಲ್ಲಿ ಇದನ್ನ ಯಾರೂ ಕೇಳೇ ಇರ್ಲಿಲ್ವಂತೆ. ಈಗೆಲ್ಲ ಹೆಂಗಸ್ರು ಹೀಗೆ ಹೊರಗೆ ಕೂತಿರ್ತಾರಂತೆ, ನಿದ್ದೆ ಬಂದಾಗ ಒಳಗೆ ಹೋಗೋದಂತೆ. ಆದ್ರೆ ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯ ಬರೋದೇ ಇಲ್ವಲ್ಲ, ಆಗ ಹಗಲೂ ಪ್ರತಿ ಕಿಟಕೀಲೂ ದೀಪವಂತೆ. ದಾರೀಲಿ ಹೋಗೋರಿಗೆ ಕಾಣ್ಲಿ ಅಂತ. ಆಗ ಬಂದು ನೋಡು ಅಂತಿದಾಳೆ ನಿಮ್ಮ ಗೆಳತಿ."

ದಾರಿಹೋಕರಿಗಾಗಿ ಇಡುವ ದೀಪ. ಎರಡು ತಿಂಗಳ ಕಾರ್ತಿಕ! ನಾನು ಜೇಬಿನಿಂದ ಬತ್ತಿ ತೆಗೆದು ಅವಳಿಗೆ ತೋರಿಸಿದೆ. ಅವಳು ಬೆರಳಲ್ಲಿ ಹೊರಳಿಸಿ ನೋಡಿ, ಹೊಸೆದದ್ದು ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿ, ಮತ್ತೆ ನನ್ನ ಜೇಬಿಗೇ ಹಾಕಿ, ಮೇಲಿಂದ ತಟ್ಟಿದಳು.

ನಿಮ್ಮ ತಾತ ದೂರದಲ್ಲಿ ಬೆಂಗಳೂರಿನ ಸಮಯಕ್ಕೆ ಸಂಧ್ಯಾವಂದನೆ ಮುಗಿಸಿ ಬಂದರು. ಎಲ್ಲ ಕೇಳಿದರು. ನಾನು ಬತ್ತಿಯ ಜೇಬಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದನ್ನು ನೋಡಿದರು. ಆಮೇಲೆ ಎರಡೂ ವಾಚು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡು, "ಹೋಗ್ಲಿ ಬಿಡೇ. ಇಲ್ಲಿರೋಷ್ಟು ದಿನ ನಿಂಗೂ ರಿಟೈರ್ಮೆಂಟು" ಎಂದರು. ಅವತ್ತು ನಾವು ನಾಲ್ವರೂ ಸಮುದ್ರದ ಬಂಡೆಯ ಮೇಲೆ ಕೂತು, ಗಿರಿಜಮ್ಮನ ಡಬ್ಬಿಯ ಚಕ್ಕುಲಿ ಮುಗಿಯುವವರೆಗೂ ಮಾತಾಡಿದೆವು. ಎದ್ದು ಹೋಗಬೇಕಾದ ಹೊತ್ತು ಬರಲೇ ಇಲ್ಲ. ಆಕಾಶ ನೋಡುವ ಅಭ್ಯಾಸದಿಂದ ಆಗಾಗ ತಲೆ ಎತ್ತುತ್ತಿದ್ದೆ. ಸೂರ್ಯ ಅಲ್ಲೇ ಇದ್ದ, ನಮ್ಮ ಮಾತು ಕೇಳುತ್ತ ಕೂತ ನೆಂಟನ ಹಾಗೆ.

ತಾತ ಹೋಗಿ ಈಗ ಮೂರು ಕಾರ್ತಿಕ ಕಳೆದವು. ಸಂಜೆಯ ದೀಪ ಹಚ್ಚುತ್ತಲೇ ಇದ್ದೇನೆ, ಬದಲಾವಣೆ ಒಂದೇ: ದೇವರ ಮುಂದೆ ಒಂದು ಹಚ್ಚಿ, ಇನ್ನೊಂದನ್ನು ಬೀದಿಯ ಕಿಟಕಿಯಲ್ಲಿಡುತ್ತೇನೆ. ಯಾಕೆಂದು ನೀವು ಕೇಳಿದ್ದಿರಿ. ಯಾಕೆಂದರೆ ಇದಕ್ಕೆ.

ಈಗ ಪೂರ್ತಿ ನಿಜ. ಹೋದ ವಾರ ಗಾಂಧಿಬಜಾರಿನಲ್ಲಿ ದೋಸೆ ತಿನ್ನುವಾಗ ರುದ್ರಪ್ಪನವರು, "ಮೊಣಕಾಲು ಪೂರ್ತಿ ಕೈಕೊಡೋ ಮುಂಚೆ ಇನ್ನೊಂದು ಸಲ ಹೋಗ್ಬರೋಣ. ಗಿರಿಜಾ, ಎಲ್ಲಿಗೆ ಹೇಳು" ಎಂದರು. ಗಿರಿಜಮ್ಮ ಬಾಯಿ ತೆಗೆಯುವ ಮೊದಲೇ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ, ಯಾರೂ ಕೇಳದೆ, ನಾನು ಹೇಳಿದೆ: "ನಾರ್ವೆ. ಚಳಿಗಾಲದಲ್ಲಿ."

ರುದ್ರಪ್ಪನವರು ನನ್ನ ಕೈ ನೋಡಲಿಲ್ಲ. ಮುಖ ನೋಡಿ ನಕ್ಕರು.

ನಿಮ್ಮಪ್ಪ ಅಮ್ಮನಿಗೆ ರಾತ್ರಿ ಊಟದ ಹೊತ್ತಿಗೆ ನಾನೇ ಹೇಳುತ್ತೇನೆ. ಬೇಡ ಎಂದರೆ ನೀವು ನನ್ನ ಪಕ್ಷ. ಸ್ವೆಟರುಗಳು ಮೇಲೆ ಕಾಯುತ್ತಿವೆ, ಬಿಸಿಲಿಳಿಯುವ ಮುಂಚೆ ಮಡಿಸಿ ತರಬೇಕು. ಗಿಣಿಹಸಿರಿನದರ ಜೇಬಿನಲ್ಲಿ ಸಿಕ್ಕ ಬತ್ತಿಗಳನ್ನು ಅಲ್ಲೇ ಬಿಟ್ಟಿದ್ದೇನೆ. ಈ ಸಲ ಬೇಕಾಗುತ್ತವೆ.