ಅಕ್ಕನ ದವಡೆ ಹಲ್ಲೂ ಕ್ಯಾಪಿನ ರೇಟೂ

ನಮ್ಮಕ್ಕ ಕಬ್ಬು ಕಚ್ಚಿದಳು. ದವಡೆ ಹಲ್ಲು ಎರಡು ಹೋಳಾಯಿತು.

ನಗಬೇಡಿ. ರಾಯಬಾಗದ ಹತ್ತಿರ ಅಕ್ಕನ ಮನೆಯವರದು ಕಬ್ಬಿನ ಹೊಲ. ಕಟಾವು ಶುರುವಾಗುವ ದಿನ ಮೊದಲ ಕಬ್ಬನ್ನು ಮನೆಯ ಹಿರಿಯ ಹೆಂಗಸೇ ಕಚ್ಚಿ ಸಿಹಿ ನೋಡಬೇಕು. ಅದು ಅವರ ರೂಢಿ. (ಕುಡುಗೋಲು ಪಕ್ಕದಲ್ಲೇ ಇರುತ್ತದೆ, ಮುಟ್ಟುವಂತಿಲ್ಲ.) ಅತ್ತೆ ಹೋದಮೇಲೆ ಆ ಮರ್ಯಾದೆ ಅಕ್ಕನದು. ಬಿಟ್ಟುಕೊಟ್ಟಾಳೆಯೇ?

ಆದರೆ ಆ ಹಲ್ಲಿಗೆ ತಿಂಗಳ ಹಿಂದಷ್ಟೇ ಚಿಕ್ಕೋಡಿಯಲ್ಲಿ ರೂಟ್ ಕೆನಾಲ್ ಆಗಿತ್ತು. ಜೊತೆಗೆ ಹೋದವನು ನಾನೇ. ನೋವು ನಿಂತಿತು, ಫೀ ಕೊಟ್ಟೆವು, ಚಪ್ಪಲಿ ಮೆಟ್ಟಿಕೊಂಡೆವು. ಆಗ ಡಾಕ್ಟರು ಕರೆದು, ಇದಕ್ಕೆ ಕ್ಯಾಪ್ ಹಾಕಿಸದಿದ್ದರೆ ಹಲ್ಲು ಒಡೆಯುತ್ತದೆ ಎಂದರು. ರೇಟು ಕೇಳಿದೆ. ರೂಟ್ ಕೆನಾಲ್‌ಗಿಂತ ಜಾಸ್ತಿ!

ಅಲ್ಲರೀ, ಇದನ್ನು ಮೊದಲೇ ಹೇಳಬೇಕೋ ಬೇಡವೋ?

ಹೋದ ವರ್ಷ ನಮ್ಮ ಭಾವನಿಗೆ ಅದೇ ಕುರ್ಚಿಯಲ್ಲಿ ಅದೇ ಕ್ಯಾಪು ಹೆಚ್ಚೂಕಡಿಮೆ ಅರ್ಧ ರೇಟಿಗೆ ಬಿದ್ದಿತ್ತು. ಕೇಳಿದರೆ ಲ್ಯಾಬ್ ಚಾರ್ಜ್ ಏರಿದೆ, ಮಟೀರಿಯಲ್ ಏರಿದೆ ಎಂಬ ಉತ್ತರ. ಇರಬಹುದು, ಅವರೂ ಬಾಡಿಗೆ ಕಟ್ಟಬೇಕು. ಆದರೆ ಲೋಹದ್ದು, ಪಿಂಗಾಣಿಯದು, ಜಿರ್ಕೋನಿಯಾದ್ದು ಎಂದು ಸೀರೆ ಅಂಗಡಿಯವರ ಹಾಗೆ ಒಂದೊಂದೇ ತೋರಿಸತೊಡಗಿದಾಗ ನನಗೆ ಮೈ ಉರಿದುಹೋಯಿತು.

ಅಕ್ಕ ಮಾತ್ರ ತಣ್ಣಗೆ ಕೇಳಿದಳು: "ಎಲ್ಲಾಕ್ಕಿಂತ ಸಸ್ತಾದ್ದು ಹಾಕಿದ್ರ ರೊಟ್ಟಿ ತಿನ್ನಾಕ ಬರತೈತೇನ್ರಿ?"

ಬರುತ್ತದೆ ಎಂದರು. ಆ ಸಸ್ತಾದ್ದೂ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಿಪ್ಪಾಣಿ, ಅಥಣಿಯಲ್ಲೂ ವಿಚಾರಿಸಿದೆ. ಅಲ್ಲೂ ಅದೇ ಹಾಡು.

"ಫ್ಯಾಕ್ಟರಿಯಿಂದ ಹೋದ ವರ್ಸದ ಕಬ್ಬಿನ ಬಿಲ್ ಬರ್ಲಿ ತಮ್ಮಾ, ಆಮ್ಯಾಲೆ ಹಾಕಿಸಿದ್ರಾತು" ಎಂದಳು ಅಕ್ಕ. ಅಲ್ಲಿಯವರೆಗೆ ಬಲಗಡೆ ಅಗಿಯಬೇಡಿ ಎಂದು ಡಾಕ್ಟರು ತಾಕೀತು ಮಾಡಿದ್ದರು. ಎಡಗಡೆಯ ದವಡೆ ಹಲ್ಲುಗಳು ಎಂದೋ ಉದುರಿಹೋಗಿವೆ. ಮತ್ತೆ ಯಾವ ಕಡೆ ಅಗಿಯಬೇಕು, ಕಿವಿಯಲ್ಲೇ?

ಹೆಲ್ತ್ ಇನ್ಶೂರೆನ್ಸ್‌ನವರಿಗೂ ಫೋನ್ ಮಾಡಿದೆ. ಕ್ಯಾಪಿಗೆ ದುಡ್ಡು ಬರುವುದಿಲ್ಲ, ಅದು ಅಂದಚೆಂದದ ಖರ್ಚಿನಲ್ಲಿ ಸೇರುತ್ತದೆ ಎಂದಳು ಆ ಕಡೆಯ ಹುಡುಗಿ. ಅರವತ್ತು ದಾಟಿದ ನಮ್ಮಕ್ಕ ಬಾಯಿಯ ಮೂಲೆಯ ಹಲ್ಲನ್ನು ಯಾರಿಗೆ ತೋರಿಸಿ ಮೆರೆಯಬೇಕಿತ್ತೋ! ಮೊಣಕಾಲು ಮೈಯ ಭಾಗ, ಕಣ್ಣು ಮೈಯ ಭಾಗ. ಹಲ್ಲೇನು ಮೂಗುತಿಯೇ?

ಆ ಬಾಕಿ ಬಿಲ್ ಬರುವ ಮೊದಲೇ ಈ ವರ್ಷದ ಕಟಾವು ಬಂತು. ಮುಂದಿನದು ನಿಮಗೆ ಗೊತ್ತೇ ಇದೆ. ದುಡ್ಡು ಕೊಟ್ಟು ಉಳಿಸಿಕೊಂಡಿದ್ದ ಹಲ್ಲನ್ನು ಮೊನ್ನೆ ಮತ್ತೆ ದುಡ್ಡು ಕೊಟ್ಟು ಕೀಳಿಸಿ ಬಂದೆವು. ಅಕ್ಕ ಈಗ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ನುಂಗುತ್ತಾಳೆ. ತಿಂದೆ ಅಂತ ಅನಿಸೋದೇ ಇಲ್ಲ ಎಂದು ಅರ್ಧಕ್ಕೇ ತಾಟು ಸರಿಸುತ್ತಾಳೆ.

ಇದಕ್ಕೆ ಪರಿಹಾರ ಇಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಇದೆಯಂತೆ. ಖಾಲಿ ಜಾಗಕ್ಕೆ ಬ್ರಿಜ್ ಕೂರಿಸಬೇಕಂತೆ. ಆಚೀಚೆ ಉಳಿದಿರುವ ಹಲ್ಲುಗಳನ್ನೂ ಉಜ್ಜಿ ಸಣ್ಣದು ಮಾಡಿ, ಒಟ್ಟು ಮೂರು ಕ್ಯಾಪ್ ಹಾಕಬೇಕಂತೆ.

ಹೇಳಿ, ಒಂದು ಕ್ಯಾಪ್ ಕೊಳ್ಳಲಾಗದೆ ಹಲ್ಲು ಕಳೆದುಕೊಂಡವಳು ಮೂರು ಕೊಳ್ಳುವುದು ಹೇಗೆ?